ಒಂಬತ್ತನೆಯ ಅಪಾಯ ಯಾರ ಲೆಕ್ಕಕ್ಕೆ?



ವಿಶ್ವಬ್ಯಾಂಕಿನ ಕಡತಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: 'ಸಾಮಾಜಿಕ ಅಪಾಯಗಳ ನಿರ್ವಹಣೆ'. ಅಣೆಕಟ್ಟಾಗಲಿ, ಹೆದ್ದಾರಿಯಾಗಲಿ, ಪಟ್ಟಣದ ನೀರಿನ ಯೋಜನೆಯಾಗಲಿ, ಸಾಲ ಕೊಡುವ ಮೊದಲು ಅದರಿಂದ ಜನರಿಗೆ ಏನೇನು ಕೇಡಾದೀತು ಎಂದು ಪಟ್ಟಿ ಮಾಡಬೇಕು. ಆ ಕೇಡನ್ನು ತಪ್ಪಿಸಬೇಕು, ತಪ್ಪಿಸಲಾಗದಿದ್ದರೆ ತಗ್ಗಿಸಬೇಕು, ಅದೂ ಆಗದಿದ್ದರೆ ಪರಿಹಾರ ಕೊಡಬೇಕು. ಈ ಮಾತಿನ ಅರ್ಥ ಇಷ್ಟೇ. ಕೇಳಲು ಚೆನ್ನಾಗಿಯೇ ಇದೆ. ಆದರೆ ಯಾರಿಗೆ ಬರುವ ಅಪಾಯ ಇದು? ಕಡತ ತಿರುವುತ್ತಾ ಹೋದರೆ ಬಹುಪಾಲು ಕಾಣುವುದು ಯೋಜನೆಗೆ ಬರುವ ಅಪಾಯ. ಜನ ಧರಣಿ ಕೂತಾರು, ಕೋರ್ಟಿಗೆ ಹೋದಾರು, ಕೆಲಸ ನಿಂತೀತು, ಸಾಲ ಕೊಟ್ಟವರ ಹೆಸರು ಕೆಟ್ಟೀತು ಎಂಬ ಭಯ. ಪರಿಹಾರದ ಚೆಕ್ಕು ಮನೆಗೆ ಬಂದ ರಾತ್ರಿ ಆ ಮನೆಯ ಹೆಂಗಸಿಗೆ ಬಿದ್ದ ಪೆಟ್ಟು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಅದು ಪಟ್ಟಿಯಲ್ಲಿ ಇರಲೇಬೇಕು ಎಂದು ವಾದಿಸುವುದಕ್ಕಾಗಿಯೇ ಈ ಲೇಖನ. ಊರಿಗೆ ಒಮ್ಮೆಲೇ ರೊಕ್ಕ ಸುರಿಯುವ, ಊರಿಗೆ ನೂರಾರು ಅಪರಿಚಿತ ಗಂಡಸರನ್ನು ತಂದಿಳಿಸುವ ಯೋಜನೆ, ಮನೆಯೊಳಗೆ ಅದರಿಂದ ಏನಾಯಿತು ಎಂದು ಲೆಕ್ಕ ಹಾಕದಿದ್ದರೆ, ಅದು ಅಪಾಯವನ್ನೇ ಲೆಕ್ಕ ಹಾಕಿಲ್ಲ ಎಂದರ್ಥ. ವರದಕ್ಷಿಣೆ, ಕುಡಿತ, ಹೊಡೆತ ಇವು ಯೋಜನೆಯ ಖರ್ಚುಗಳೇ. ಆ ಖರ್ಚನ್ನು ಇಷ್ಟು ದಿನ ಹೆಂಗಸರು ತಮ್ಮ ಮೈಯಿಂದ ಭರಿಸಿದ್ದಾರೆ, ಅಷ್ಟೇ.

ನಾನು ಬಾಗಲಕೋಟೆ ಕಡೆಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಅರ್ಥಶಾಸ್ತ್ರ ಹೇಳಿಕೊಟ್ಟವಳು. ಮುಳುಗಡೆ ಊರುಗಳ ಮಕ್ಕಳು ನನ್ನ ತರಗತಿಯಲ್ಲಿ ಕೂತು ಹೋಗಿದ್ದಾರೆ. ಹಾಗಾಗಿ ಈ ವಿಷಯದಲ್ಲಿ ನಾನು ತಟಸ್ಥಳಲ್ಲ. ಆಗುವ ಇಚ್ಛೆಯೂ ಇಲ್ಲ.

ಮೊದಲು ಆ ಪಟ್ಟಿಯ ಕಥೆ ಹೇಳಬೇಕು. ಮೈಕೆಲ್ ಸೆರ್ನಿಯಾ ಎಂಬ ಸಮಾಜಶಾಸ್ತ್ರಜ್ಞರು 1974ರಲ್ಲಿ ವಿಶ್ವಬ್ಯಾಂಕಿಗೆ ಸೇರಿದರು. ಅಲ್ಲಿಯವರೆಗೆ ಅಲ್ಲಿ ಎಂಜಿನಿಯರುಗಳದು, ಅರ್ಥಶಾಸ್ತ್ರಜ್ಞರದೇ ಮಾತು ನಡೆಯುತ್ತಿತ್ತು. ಅಣೆಕಟ್ಟಿನಿಂದ ಎತ್ತಂಗಡಿಯಾದ ಜನ ಬಡವರಾಗುವುದು ಹಣೆಬರಹದಿಂದಲ್ಲ, ಅದಕ್ಕೆ ಗುರುತಿಸಬಹುದಾದ ಕಾರಣಗಳಿವೆ, ಗುರುತಿಸಿದರೆ ತಡೆಯಬಹುದು ಎಂದು ಅವರು ಹಟ ಹಿಡಿದು ಹೇಳಿದರು. 1980ರಲ್ಲಿ ಬ್ಯಾಂಕು ಪುನರ್ವಸತಿಯ ಬಗ್ಗೆ ಮೊದಲ ನೀತಿ ಮಾಡಿದ್ದರ ಹಿಂದೆ ಅವರ ದುಡಿಮೆ ಇದೆ. ಮುಂದೆ ಅವರು ಎಂಟು ಅಪಾಯಗಳನ್ನು ಹೆಸರಿಸಿದರು. ಭೂಮಿ ಹೋಗುವುದು, ಕೆಲಸ ಹೋಗುವುದು, ಮನೆ ಹೋಗುವುದು, ಸಮಾಜದ ಅಂಚಿಗೆ ಸರಿಯುವುದು, ಹೊಟ್ಟೆಗೆ ಕೊರತೆಯಾಗುವುದು, ರೋಗ ಮತ್ತು ಸಾವು ಹೆಚ್ಚುವುದು, ಗೋಮಾಳ ಕಾಡು ಕೆರೆಗಳಂಥ ಎಲ್ಲರ ಆಸ್ತಿ ಕೈತಪ್ಪುವುದು, ಊರು ಕೇರಿಯ ನಂಟು ಹರಿದುಹೋಗುವುದು. ಎಂಟೂ ನಿಜ. ಒಂದೊಂದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ.

ಆದರೆ ಆ ಎಂಟರಲ್ಲಿ ಕುಟುಂಬ ಎನ್ನುವುದು ಒಂದೇ ಗಂಟು. ಭೂಮಿ ಹೋದದ್ದು ಕುಟುಂಬಕ್ಕೆ, ಮನೆ ಹೋದದ್ದು ಕುಟುಂಬಕ್ಕೆ. ಆ ಗಂಟು ಬಿಚ್ಚಿ ನೋಡಿದರೆ ಒಳಗೆ ಗಂಡನಿದ್ದಾನೆ, ಅತ್ತೆ ಇದ್ದಾಳೆ, ಮದುವೆಗೆ ಬಂದ ಮಗಳಿದ್ದಾಳೆ, ತವರಿಗೆ ಮರಳಿ ಬಂದ ವಿಧವೆ ಅತ್ತಿಗೆ ಇದ್ದಾಳೆ. ಗಂಟಿಗೆ ಬಂದ ಪರಿಹಾರ ಯಾರ ಕೈಗೆ ಹೋಯಿತು? ಗಂಟಿಗೆ ಬಂದ ಕಷ್ಟ ಯಾರ ಬೆನ್ನಿಗೆ ಬಿತ್ತು? ಇದನ್ನು ನಾನು ಒಂಬತ್ತನೆಯ ಅಪಾಯ ಎಂದು ಕರೆಯುತ್ತೇನೆ.

ನಮ್ಮ ಕೃಷ್ಣೆಯ ಲೆಕ್ಕವನ್ನೇ ತೆಗೆಯೋಣ. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕು 1978ರಲ್ಲಿ ಮೊದಲ ಸಾಲ ಕೊಟ್ಟಿತು, 1989ರಲ್ಲಿ ಎರಡನೆಯದು. ನಾರಾಯಣಪುರ, ಆಲಮಟ್ಟಿ ಎರಡೂ ಜಲಾಶಯಗಳಿಗೆ ಊರೂರುಗಳೇ ಎದ್ದವು. ಕೊನೆಗೆ ಹಳೆ ಬಾಗಲಕೋಟೆಯ ದೊಡ್ಡ ಭಾಗವೂ ಹಿನ್ನೀರಿಗೆ ಹೋಯಿತು. ಪುನರ್ವಸತಿ ಸರಿಯಾಗಿ ಆಗುತ್ತಿಲ್ಲವೆಂದು ಬ್ಯಾಂಕು 1992ರಲ್ಲಿ ಒಮ್ಮೆ, 1995ರಲ್ಲಿ ಮತ್ತೊಮ್ಮೆ ಹಣ ಬಿಡುಗಡೆ ನಿಲ್ಲಿಸಿತು. ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ, ಯಾಕೆಂದರೆ ಆ ನಿಲುಗಡೆಯಿಂದಲೇ ನಮ್ಮ ಸರ್ಕಾರಕ್ಕೆ ಚುರುಕು ಮುಟ್ಟಿತು. ಆದರೆ ಹಣ ನಿಲ್ಲಿಸಿದ್ದು ಯಾವ ಕಾರಣಕ್ಕೆ? ಪುನರ್ವಸತಿ ಕೇಂದ್ರದಲ್ಲಿ ನಿವೇಶನ ಆಗಿಲ್ಲ, ಪರಿಹಾರ ಸರಿಯಾಗಿ ತಲುಪಿಲ್ಲ ಎಂಬಂಥ ಕಾರಣಗಳಿಗೆ. ಪರಿಹಾರ ತಲುಪಿದ ಮನೆಯಲ್ಲಿ ಏನಾಯಿತು ಎಂದು ಕೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಏನಾಯಿತು ಎಂದು ನಾನು ಹೇಳುತ್ತೇನೆ. ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಚೆಕ್ಕು. ಪಹಣಿಯಲ್ಲಿ ಯಾರ ಹೆಸರಿತ್ತು? ಮಾವನದು, ಗಂಡನದು, ಮೈದುನನದು. ಹೊಲದಲ್ಲಿ ಕಳೆ ತೆಗೆದವಳ, ಹತ್ತಿ ಬಿಡಿಸಿದವಳ, ಬುತ್ತಿ ಹೊತ್ತು ನಡೆದವಳ ಹೆಸರು ಇರಲಿಲ್ಲ. ಭೂಮಿ ಇದ್ದಾಗ ಅವಳಿಗೆ ಹೆಸರಿಲ್ಲದಿದ್ದರೂ ಜೋಳವಿತ್ತು. ಎಮ್ಮೆಗೆ ಮೇವಿತ್ತು, ಹಾಲು ಮಾರಿದ ರೊಕ್ಕ ಸೆರಗಿನ ಗಂಟಿನಲ್ಲಿ ಇರುತ್ತಿತ್ತು. ಭೂಮಿ ಚೆಕ್ಕಾಗಿ ಬದಲಾದ ದಿನ ಅದೆಲ್ಲ ಒಟ್ಟಿಗೇ ಹೋಯಿತು. ಜೋಳದ ಚೀಲವನ್ನು ಗಂಡಸು ಒಂದೇ ರಾತ್ರಿಯಲ್ಲಿ ಕುಡಿಯಲಾರ. ಚೆಕ್ಕನ್ನು ಕುಡಿಯಬಲ್ಲ.

ಚೆಕ್ಕು ಬಂದ ಸುದ್ದಿ ಚೆಕ್ಕಿಗಿಂತ ಮೊದಲೇ ಊರು ಸುತ್ತುತ್ತಿತ್ತು. ಯಾವ ಊರಿನ ಯಾವ ಸರ್ವೆ ನಂಬರಿಗೆ ಎಷ್ಟು ಎಂಬುದು ಕಚೇರಿಯ ಪಟ್ಟಿಯಲ್ಲಿ ಇರುವಂಥದು, ಗುಟ್ಟೇನಲ್ಲ. ಗಂಡಿನ ಕಡೆಯವರು ಆ ಪಟ್ಟಿ ನೋಡಿಕೊಂಡೇ ಹೆಣ್ಣು ನೋಡಲು ಬರುತ್ತಿದ್ದರು. ನಮ್ಮ ಕಡೆ ಹುಂಡಾ ಎನ್ನುವ ಆ ಪಿಡುಗು ಮೊದಲೇ ಇತ್ತು, ಮುಳುಗಡೆ ಅದನ್ನು ಹುಟ್ಟಿಸಲಿಲ್ಲ. ಆದರೆ ದರ ಏರಿಸಿತು. ಬಿ.ಎ. ಎರಡನೆಯ ವರ್ಷದಲ್ಲಿದ್ದ ನನ್ನ ಒಬ್ಬ ವಿದ್ಯಾರ್ಥಿನಿ ದೀಪಾವಳಿ ರಜೆ ಮುಗಿದ ಮೇಲೆ ಬರಲಿಲ್ಲ. ವಿಚಾರಿಸಿದರೆ ಮದುವೆಯಾಗಿತ್ತು. ಅವಳ ಅವ್ವ ನನಗೆ ಹೇಳಿದ ಮಾತು: "ಏನ್ ಮಾಡೂದ್ರಿ ಬಾಯಾರ, ರೊಕ್ಕ ಮನ್ಯಾಗ ಇದ್ದಾಗ ಮಾಡಿಬಿಡಬೇಕ್ರಿ. ಇಲ್ಲಾಂದ್ರ ಇವರ ಅಪ್ಪ ಉಳಸೂದಿಲ್ಲ." ಆ ತಾಯಿ ಮಾಡಿದ ಲೆಕ್ಕದಲ್ಲಿ ತಪ್ಪಿಲ್ಲ. ಅಪಾಯದ ನಿರ್ವಹಣೆ ಎಂದರೆ ಅದೇ ಅಲ್ಲವೇ? ಹಣ ಕುಡಿತಕ್ಕೆ ಹೋಗುವುದೋ ಬೀಗರಿಗೆ ಹೋಗುವುದೋ ಎಂಬ ಎರಡೇ ದಾರಿ ಅವಳ ಮುಂದೆ ಇದ್ದವು. ಮೂರನೆಯ ದಾರಿಯನ್ನು ಯೋಜನೆ ತೆರೆಯಲೇ ಇಲ್ಲ.

ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಡು ಇನ್ನೊಂದು ಬಗೆಯದು. 1994ರಲ್ಲಿ ಕರ್ನಾಟಕ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು ಕೊಟ್ಟಿತು. ಆಗ ಮದುವೆಯಾಗಿದ್ದವರಿಗೆ ಆ ತಿದ್ದುಪಡಿ ಅನ್ವಯಿಸಲಿಲ್ಲ, ನಂತರ ಮದುವೆಯಾದವರಿಗೆ ಅನ್ವಯಿಸಿತು. ಪಾಲಿನ ಮಾತು ಬಂದದ್ದೇ ಅತ್ತೆಮನೆಯಲ್ಲಿ ಹೊಸ ರಾಗ ಶುರುವಾಯಿತು: ನಿಮ್ಮಪ್ಪನಿಗೆ ಪರಿಹಾರ ಬಂದಿದೆ, ಹೋಗಿ ತಾ. ತವರಿನಲ್ಲಿ ಅಣ್ಣ ತಮ್ಮಂದಿರು ಹಕ್ಕು ಬಿಡುಗಡೆ ಪತ್ರ ಸಿದ್ಧಮಾಡಿ ಇಟ್ಟುಕೊಂಡು ಕೂತಿರುತ್ತಿದ್ದರು: ಸಹಿ ಮಾಡು, ಇಲ್ಲದಿದ್ದರೆ ಪಂಚಮಿಗೆ ಕರೆಯಲು ಬರುವುದಿಲ್ಲ. ಸಹಿ ಮಾಡಿದರೆ ಗಂಡನ ಮನೆಯಲ್ಲಿ ಹೊಡೆತ, ಮಾಡದಿದ್ದರೆ ತವರಿಲ್ಲ. ಒಳ್ಳೆಯ ಕಾನೂನೊಂದು ಹೆಣ್ಣಿನ ಕೈಗೆ ಬರುವ ಮೊದಲು ಎರಡು ಮನೆಯ ಗಂಡಸರ ಕೈ ದಾಟಿ ಬರಬೇಕಾದರೆ ಹೀಗೇ ಆಗುತ್ತದೆ.

ಇದು ಕೃಷ್ಣೆಯ ದಂಡೆಯ ಮಾತು ಮಾತ್ರವಲ್ಲ. ನರ್ಮದಾ ನ್ಯಾಯಾಧಿಕರಣ 1979ರಲ್ಲಿ ಕೊಟ್ಟ ತೀರ್ಪು ಪುನರ್ವಸತಿಯ ವಿಷಯದಲ್ಲಿ ಆ ಕಾಲಕ್ಕೆ ಮುಂದುವರಿದದ್ದು ಎಂದು ಹೊಗಳಿಸಿಕೊಂಡಿತ್ತು. ಅದರಲ್ಲಿ ವಯಸ್ಸಿಗೆ ಬಂದ ಪ್ರತಿಯೊಬ್ಬ ಮಗನನ್ನೂ ಪ್ರತ್ಯೇಕ ಕುಟುಂಬ ಎಂದು ಎಣಿಸಬೇಕು ಎಂದಿದೆ. ವಯಸ್ಸಿಗೆ ಬಂದ ಮಗಳ ಮಾತೇ ಇಲ್ಲ. ಸರ್ದಾರ್ ಸರೋವರಕ್ಕೆ ಬ್ಯಾಂಕು 1985ರಲ್ಲಿ ಸಾಲ ಕೊಟ್ಟಿತು. ಕಣಿವೆಯ ಜನ ವರ್ಷಗಟ್ಟಲೆ ಹೋರಾಡಿದ ಮೇಲೆ ಬ್ರಾಡ್‌ಫರ್ಡ್ ಮೋರ್ಸ್ ಸಮಿತಿ ಬಂತು. ಅದು 1992ರಲ್ಲಿ ಕಟುವಾದ ವರದಿ ಕೊಟ್ಟಿತು. 1993ರ ಮಾರ್ಚಿನಲ್ಲಿ ಭಾರತ ಸರ್ಕಾರ ಉಳಿದ ಸಾಲವೇ ಬೇಡ ಎಂದಿತು. ಅದೇ ವರ್ಷ ಬ್ಯಾಂಕು ತನ್ನ ವಿರುದ್ಧ ಜನ ನೇರವಾಗಿ ದೂರು ಕೊಡಬಹುದಾದ ಒಂದು ತನಿಖಾ ಮಂಡಳಿ ಸ್ಥಾಪಿಸಿತು. ಇವತ್ತು ಜಗತ್ತಿನ ಯಾವ ಮೂಲೆಯ ಬಡವರಾದರೂ ಆ ಮಂಡಳಿಗೆ ದೂರು ಕೊಡಬಲ್ಲರಾದರೆ ಅದರ ಹಿಂದೆ ನರ್ಮದಾ ಕಣಿವೆಯ ಆದಿವಾಸಿ ಹೆಂಗಸರು ನೀರಿನಲ್ಲಿ ನಿಂತದ್ದಿದೆ. ಇದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.

ಆ ಮಂಡಳಿಯ ಬಾಗಿಲು ತಟ್ಟಿದವರಲ್ಲಿ ಆಫ್ರಿಕಾ ಖಂಡದ ಉಗಾಂಡಾ ದೇಶದ ಬಿಗೋಡಿ ಎಂಬ ಊರಿನ ಜನರೂ ಇದ್ದರು. ಅವರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ 'ಸಾಮಾಜಿಕ ಅಪಾಯ' ಎಂಬ ಮಾತಿಗೆ ಈಗಿರುವ ತೂಕ ಬಂದದ್ದು ಅವರಿಂದ.

ಉಗಾಂಡಾದ ಪಶ್ಚಿಮ ಭಾಗದಲ್ಲಿ ಕಾಮ್ವೆಂಗೆಯಿಂದ ಫೋರ್ಟ್ ಪೋರ್ಟಲ್‌ವರೆಗೆ 66 ಕಿಲೋಮೀಟರ್ ರಸ್ತೆ. ವಿಶ್ವಬ್ಯಾಂಕಿನ 26.5 ಕೋಟಿ ಡಾಲರಿನ ಸಾರಿಗೆ ಯೋಜನೆಯ ಒಂದು ತುಂಡು ಅದು. ರಸ್ತೆ ಬೇಕೇ ಬೇಕಿತ್ತು. ಹೆರಿಗೆ ನೋವು ಬಂದವಳನ್ನು ಆಸ್ಪತ್ರೆಗೆ ಒಯ್ಯಲು ರಸ್ತೆ ಇಲ್ಲದ ಊರಿನ ಸಂಕಟ ನಮಗೂ ಗೊತ್ತು. ಗುತ್ತಿಗೆದಾರ ಬಂದ, ಅವನ ಹಿಂದೆ ಕೂಲಿಗಾರ ಗಂಡಸರು ಬಂದರು, ಶಿಬಿರ ಬಿತ್ತು. ಕೈಯಲ್ಲಿ ಸಂಬಳವಿದ್ದ ಅವರು ಶಾಲೆಗೆ ಹೋಗುವ ಹುಡುಗಿಯರ ಬೆನ್ನು ಹತ್ತಿದರು. ಹದಿನೆಂಟು ತುಂಬದ ಮಕ್ಕಳು ಬಸುರಾದರು, ಶಾಲೆ ಬಿಟ್ಟರು. ರಸ್ತೆ ಕೆಲಸಕ್ಕೆ ಸೇರಿದ ಹೆಂಗಸರಿಗೆ ಕೆಲಸದ ಜಾಗದಲ್ಲೇ ಕಿರುಕುಳ. ಬಿಗೋಡಿಯ ಜನ 2014ರ ಡಿಸೆಂಬರಿನಲ್ಲಿ ತನಿಖಾ ಮಂಡಳಿಗೆ ದೂರು ಕೊಟ್ಟರು. ಒಂದು ವರ್ಷದ ನಂತರ, 2015ರ ಡಿಸೆಂಬರಿನಲ್ಲಿ, ಬ್ಯಾಂಕು ಆ ಯೋಜನೆಯ ಸಾಲವನ್ನೇ ರದ್ದು ಮಾಡಿತು.

ಸಾಲ ರದ್ದಾಯಿತು, ಹುಡುಗಿಯರು ಮತ್ತು ಕೂಸುಗಳು ಅಲ್ಲೇ ಉಳಿದರು. ಸಾಲ ರದ್ದು ಮಾಡುವುದು ಬ್ಯಾಂಕಿಗೆ ಅಪಾಯದಿಂದ ಹೊರಬರುವ ದಾರಿ. ಹದಿನಾಲ್ಕು ವರ್ಷದ ತಾಯಿಗೆ ಹೊರಬರುವ ದಾರಿ ಯಾವುದು? ಬ್ಯಾಂಕು ಕೈತೊಳೆದುಕೊಂಡು ಹೋಯಿತು ಎಂದರೆ ಸುಳ್ಳಾಗುತ್ತದೆ. ಆ ಮಕ್ಕಳ ನೆರವಿಗೆ ಬೇರೆ ಹಣದಿಂದ ಕೆಲಸ ಶುರುವಾಯಿತು. 2017ರಲ್ಲಿ ಅದೇ ಉಗಾಂಡಾಕ್ಕೆ 4 ಕೋಟಿ ಡಾಲರಿನ ಇನ್ನೊಂದು ಯೋಜನೆ ಬಂತು, ಅದರ ಹೆಸರಿನಲ್ಲೇ 'ಸಾಮಾಜಿಕ ಅಪಾಯ ನಿರ್ವಹಣೆ'ಯೂ ಇದೆ, ಲಿಂಗಾಧಾರಿತ ಹಿಂಸೆಯ ತಡೆಯೂ ಇದೆ. ಮೊದಲು ಗಾಯ, ಆಮೇಲೆ ಗಾಯಕ್ಕೆ ಮದ್ದು ಹಚ್ಚಲು ಮತ್ತೊಂದು ಯೋಜನೆ.

ಬಿಗೋಡಿಯವರ ದೂರಿನಿಂದ ಕೆಲವು ನಿಯಮಗಳು ಬದಲಾದವು. ಬ್ಯಾಂಕು 2016ರಲ್ಲಿ ಲಿಂಗಾಧಾರಿತ ಹಿಂಸೆಯ ಬಗ್ಗೆ ಒಂದು ಕಾರ್ಯಪಡೆ ನೇಮಿಸಿತು, 2017ರಲ್ಲಿ ಅದರ ಶಿಫಾರಸು ಬಂತು. 2018ರ ಅಕ್ಟೋಬರ್ 1ರಿಂದ ಹೊಸ ಚೌಕಟ್ಟು ಜಾರಿಗೆ ಬಂತು. ಅದರಲ್ಲಿ ಹತ್ತು ಮಾನದಂಡಗಳಿವೆ. ಪ್ರತಿ ಯೋಜನೆಯನ್ನೂ ಅತಿ ಹೆಚ್ಚು, ಗಣನೀಯ, ಮಧ್ಯಮ, ಕಡಿಮೆ ಎಂದು ನಾಲ್ಕು ದರ್ಜೆಯಲ್ಲಿ ಅಳೆಯುತ್ತಾರೆ. ಕೂಲಿಗಾರರು ನಡವಳಿಕೆಯ ನಿಯಮಕ್ಕೆ ಸಹಿ ಹಾಕಬೇಕು, ಜನರಿಗೆ ದೂರು ಹೇಳಲು ಒಂದು ವ್ಯವಸ್ಥೆ ಇರಬೇಕು. ಲೈಂಗಿಕ ಶೋಷಣೆ ತಡೆಯುವ ಷರತ್ತನ್ನು ಪಾಲಿಸದ ಗುತ್ತಿಗೆದಾರನಿಗೆ ಎರಡು ವರ್ಷ ಬ್ಯಾಂಕಿನ ಹಣದ ಗುತ್ತಿಗೆ ಸಿಗದಂತೆ ಮಾಡುವ ನಿಯಮವನ್ನು 2020ರಲ್ಲಿ ಪ್ರಕಟಿಸಿ 2021ರಿಂದ ಜಾರಿಗೆ ತಂದರು. ಗುತ್ತಿಗೆದಾರನಿಗೆ ತಾಗುವ ಭಾಷೆ ಅದೊಂದೇ, ನಾನು ಅದನ್ನು ಮೆಚ್ಚುತ್ತೇನೆ.

ಆದರೂ ಒಂದು ಸಂಗತಿಯನ್ನು ಗಮನಿಸಿ. 2018ರಲ್ಲಿ ಬ್ಯಾಂಕು ತನ್ನ ಸಿಬ್ಬಂದಿಗೆ ಒಂದು ಮಾರ್ಗದರ್ಶಿ ಬರೆಯಿತು. ದೊಡ್ಡ ಕಾಮಗಾರಿಗಳಲ್ಲಿ ಲಿಂಗಾಧಾರಿತ ಹಿಂಸೆಯನ್ನು ಎದುರಿಸುವುದು ಹೇಗೆ ಎಂಬುದು ಅದರ ತಲೆಬರಹ. 2020ರಲ್ಲಿ ಅದರ ಎರಡನೆಯ ಆವೃತ್ತಿ ಬಂದಾಗ ತಲೆಬರಹದಲ್ಲಿ ಉಳಿದದ್ದು ಲೈಂಗಿಕ ಶೋಷಣೆ ಮತ್ತು ಲೈಂಗಿಕ ಕಿರುಕುಳ ಮಾತ್ರ. ಶಿಬಿರದ ಕೂಲಿಗಾರ ಮಾಡಿದ್ದು ಎಣಿಕೆಗೆ ಬರುತ್ತದೆ. ಮನೆಯ ಯಜಮಾನ ಮಾಡಿದ್ದು ತಲೆಬರಹದಿಂದ ಜಾರಿತು. ಹೊರಗಿನ ಗಂಡಸು ಕೈಹಾಕಿದರೆ ಅಪಾಯ, ಒಳಗಿನವನು ಕೈಯೆತ್ತಿದರೆ ಸಂಸಾರ. ವಾಷಿಂಗ್ಟನ್ನಿನಲ್ಲಿ ಕೂತವರಿಗೂ ನಮ್ಮೂರ ಪಂಚರಿಗೂ ಈ ವಿಷಯದಲ್ಲಿ ಅಷ್ಟೇನೂ ವ್ಯತ್ಯಾಸ ನನಗೆ ಕಾಣುವುದಿಲ್ಲ.

ಇದಕ್ಕೆ ಉತ್ತರ ನನಗೆ ಗೊತ್ತಿದೆ, ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. 'ಮೇಡಂ, ಗಂಡ ಹೆಂಡತಿ ಜಗಳಕ್ಕೆ ಎಂಜಿನಿಯರು ಏನು ಮಾಡಬೇಕು? ನಾವು ಕಾಲುವೆ ತೋಡುವವರು, ಸಂಸಾರ ಸರಿಮಾಡುವವರಲ್ಲ.' ಸರಿ. ಕಾಲುವೆ ತೋಡುವಾಗ ಸಿಡಿಮದ್ದು ಹಾರಿಸಿ ಪಕ್ಕದ ಮನೆಯ ಗೋಡೆ ಬಿರಿದರೆ ದುರಸ್ತಿಯ ಹಣ ಕೊಡುತ್ತೀರೋ ಇಲ್ಲವೋ? ಗೋಡೆ ಮೊದಲೇ ಹಳೆಯದಿತ್ತು ಎನ್ನುತ್ತೀರಾ? ಹುಂಡಾ, ಕುಡಿತ ಮೊದಲೇ ಇದ್ದವು, ಒಪ್ಪಿದೆ. ಬಿರುಕಿದ್ದ ಗೋಡೆಯ ಪಕ್ಕ ಮದ್ದು ಹಾರಿಸಿದವರು ನೀವು. ಭೂಮಿಯನ್ನು ಚೆಕ್ಕಾಗಿಸಿದ್ದು ನೀವು, ಚೆಕ್ಕನ್ನು ಒಬ್ಬನದೇ ಹೆಸರಿಗೆ ಬರೆದದ್ದು ನೀವು, ಒಂದೇ ಸಲಕ್ಕೆ ಕೊಟ್ಟದ್ದು ನೀವು. ಇವು ಮೂರೂ ಕಚೇರಿಯ ತೀರ್ಮಾನಗಳು. ಕಚೇರಿಯಲ್ಲೇ ಬದಲಾಯಿಸಬಹುದು.

ಇನ್ನು ನಮ್ಮ ಮನೆಯ ಕಡೆಗೂ ತಿರುಗಬೇಕು. ಯೋಜನೆಗಳು ಎಂದರೆ ಅಣೆಕಟ್ಟು ರಸ್ತೆ ಮಾತ್ರವಲ್ಲ, ನಮ್ಮ ಸ್ವಸಹಾಯ ಸಂಘಗಳೂ ಆ ಪೈಕಿಯೇ. 1989ರಲ್ಲಿ ಬಿಜಾಪುರ, ಬೀದರ, ಮೈಸೂರು ಜಿಲ್ಲೆಗಳಲ್ಲಿ ಮಹಿಳಾ ಸಮಾಖ್ಯೆ ಶುರುವಾದದ್ದು ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ. ಸ್ವಶಕ್ತಿ ಯೋಜನೆ ನಮ್ಮ ರಾಜ್ಯಕ್ಕೆ ಬಂದದ್ದು ವಿಶ್ವಬ್ಯಾಂಕು ಮತ್ತು ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ಹಣದಿಂದ. ಇವೆರಡರ ನಡುವೆ ನಾನು ಕಂಡ ವ್ಯತ್ಯಾಸ ಹೇಳುತ್ತೇನೆ. ಸಮಾಖ್ಯೆಯ ಸಂಘಗಳಲ್ಲಿ ಮೊದಲು ಮಾತು, ಆಮೇಲೆ ರೊಕ್ಕ. ಹೊಡೆತದ ಮಾತೂ ಅಲ್ಲಿ ಎದ್ದೇಳುತ್ತಿತ್ತು. ಉಳಿತಾಯ ಸಾಲದ ಸಂಘಗಳು ಬೆಳೆದಂತೆ ವಾರದ ಸಭೆ ಕಂತು ಕಟ್ಟುವ ಸಭೆಯಾಯಿತು.

ಬಾಂಗ್ಲಾದೇಶದ ಸಾಲ ಯೋಜನೆಗಳನ್ನು ಆನ್ ಮೇರಿ ಗೋಟ್ಸ್ ಮತ್ತು ರೀನಾ ಸೇನ್ ಗುಪ್ತಾ ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಹೆಂಗಸರ ಹೆಸರಿನಲ್ಲಿ ಎತ್ತಿದ ಸಾಲದ ದೊಡ್ಡ ಪಾಲನ್ನು ಮನೆಯ ಗಂಡಸರು ಬಳಸುತ್ತಾರೆ, ತೀರಿಸುವ ಹೊಣೆ ಮಾತ್ರ ಹೆಂಗಸಿನದು ಎಂದು ಅವರು ತೋರಿಸಿದರು. ಅದೇ ವರ್ಷ ಸಿಡ್ನಿ ಶೂಲರ್, ಸೈಯದ್ ಹಾಶೆಮಿ ಮುಂತಾದವರು ಅದೇ ದೇಶದ ಹಳ್ಳಿಗಳಲ್ಲಿ ಬೇರೆ ಚಿತ್ರ ಕಂಡರು: ಸಂಘಕ್ಕೆ ಸೇರಿದ ಹೆಂಗಸು ಹೊರಗಿನವರ ಕಣ್ಣಿಗೆ ಬೀಳುತ್ತಾಳೆ, ಅದರಿಂದ ಹೊಡೆತ ಕಡಿಮೆಯಾಗಬಲ್ಲದು. ಎರಡೂ ನಿಜವೆಂದೇ ನನ್ನ ಅನುಭವ. ಸಂಘ ಅವಳನ್ನು ನೋಡುತ್ತಿದ್ದರೆ ಹೊಡೆಯುವ ಕೈ ಅಳುಕುತ್ತದೆ. ಸಂಘ ಅವಳ ಕಂತನ್ನು ಮಾತ್ರ ನೋಡುತ್ತಿದ್ದರೆ, ಸಾಲ ಕುಡಿದು ಮುಗಿಸಿದ ಗಂಡನ ಹೊಡೆತದ ಜೊತೆಗೆ ಬಾಗಿಲಿಗೆ ಬಂದ ಗೆಳತಿಯರ ಬೈಗುಳವೂ ಅವಳಿಗೇ ಸೇರುತ್ತದೆ.

ನಿಮ್ಮ ಸಂಘದ ಪುಸ್ತಕ ತೆಗೆದು ನೋಡಿ. ಸಾಲದ ಉದ್ದೇಶ ಎಂಬ ಕಲಮಿನಲ್ಲಿ 'ಮದುವೆ ಖರ್ಚು' ಎಂದು ಎಷ್ಟು ಕಡೆ ಬರೆದಿದೆ? ಅದರಲ್ಲಿ ಎಷ್ಟು ಹುಂಡಾ? 'ಎಮ್ಮೆ' ಎಂದು ಬರೆದು ಬೀಗರಿಗೆ ಬೈಕು ಕೊಡಿಸಿದ್ದು ಎಷ್ಟು? ನಮ್ಮ ಪುಸ್ತಕದಲ್ಲೂ ಅಪಾಯ ಎಂದರೆ ಸುಸ್ತಿ ಮಾತ್ರ ಆಗಿಬಿಟ್ಟರೆ, ವಿಶ್ವಬ್ಯಾಂಕನ್ನು ಬೈಯುವ ಬಾಯಿ ನಮಗಿರುವುದಿಲ್ಲ. ಹುಂಡಾಕ್ಕೆ ಸಾಲವಿಲ್ಲ ಎಂದು ನಿರ್ಣಯ ಬರೆದ ಸಂಘಗಳನ್ನು ನಾನು ಬಲ್ಲೆ. ಮೊದಲ ವರ್ಷ ಸದಸ್ಯರು ಬಿಟ್ಟುಹೋದರು, ಬಡ್ಡಿ ಆದಾಯ ಇಳಿಯಿತು. ಆದರೂ ನಿಂತವು.

ಈ ಮಾತುಗಳನ್ನು ಈಗಲೇ ಯಾಕೆ ಹೇಳುತ್ತಿದ್ದೇನೆ ಎಂದರೆ, ಕೃಷ್ಣೆಯ ದಂಡೆಗೆ ಮತ್ತೆ ರೊಕ್ಕ ಬರಲಿದೆ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೆಯ ಹಂತಕ್ಕಾಗಿ ಮುಳುಗಡೆಯಾಗುವ ಭೂಮಿಗೆ ದರ ನಿಗದಿಯಾಗಿದೆ. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಖುಷ್ಕಿಗೆ 30 ಲಕ್ಷ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ರೈತರು ಹೋರಾಡಿ ಪಡೆದ ದರ ಅದು, ಕಡಿಮೆ ಮಾಡಿ ಎಂದು ನಾನು ಹೇಳುವುದಿಲ್ಲ. ಮೂರು ಎಕರೆ ನೀರಾವರಿ ಇದ್ದ ಮನೆಗೆ 1 ಕೋಟಿ 20 ಲಕ್ಷ. ಬ್ಯಾಂಕಿನವರಿದ್ದಾಗ ಒಂದಷ್ಟು ತಪಾಸಣೆಯಾದರೂ ಇತ್ತು, ಹಣ ನಿಲ್ಲಿಸುವ ಹೆದರಿಕೆಯಾದರೂ ಇತ್ತು. ಈಗ ಕೇಳಬೇಕಾದವರು ನಾವೇ.

ಕಾನೂನು ನೋಡೋಣ ಎಂದರೆ, 2013ರ ಭೂಸ್ವಾಧೀನ ಕಾಯ್ದೆ 1894ರ ಹಳೆಯದಕ್ಕಿಂತ ಎಷ್ಟೋ ಮೇಲು. ವಿಧವೆ, ವಿಚ್ಛೇದಿತೆ, ಮನೆಯವರು ಕೈಬಿಟ್ಟ ಹೆಂಗಸು ಇವರನ್ನು ಪ್ರತ್ಯೇಕ ಕುಟುಂಬ ಎಂದು ಎಣಿಸಬೇಕು ಎಂದು ಅದು ಹೇಳುತ್ತದೆ. ವಯಸ್ಸಿಗೆ ಬಂದವರು ಗಂಡಾಗಲಿ ಹೆಣ್ಣಾಗಲಿ ಪ್ರತ್ಯೇಕ ಕುಟುಂಬವೇ. ನರ್ಮದೆಯ ಮಗಳಿಗೆ ಸಿಗದ್ದು ಇಲ್ಲಿ ಕಾಗದದ ಮೇಲಾದರೂ ಬಂತು. ಆದರೆ ಎರಡು ತೂತುಗಳಿವೆ. ಪುನರ್ವಸತಿಯಲ್ಲಿ ಕೊಡುವ ಭೂಮಿ ಅಥವಾ ಮನೆ ಗಂಡ ಹೆಂಡತಿಯರ ಜಂಟಿ ಹೆಸರಿನಲ್ಲಿ 'ಇರಬಹುದು' ಎಂದಿದೆ, 'ಇರಬೇಕು' ಎಂದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಸ್ವಾಧೀನಕ್ಕೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಜನರನ್ನು ಕೂಡಿಸಿ ಅಹವಾಲು ಕೇಳಬೇಕು ಎಂದು ಹೇಳುವ ಇದೇ ಕಾಯ್ದೆ, ಬೇರೆ ಕಾನೂನಿನ ಪ್ರಕಾರ ಪರಿಸರ ಪರಿಣಾಮದ ಅಧ್ಯಯನ ಬೇಕಾದ ನೀರಾವರಿ ಯೋಜನೆಗಳಿಗೆ ಸಾಮಾಜಿಕ ಅಧ್ಯಯನದಿಂದ ವಿನಾಯಿತಿ ಕೊಟ್ಟಿದೆ. ಮೀನು ಮೊಸಳೆಗೆ ಏನಾಗುತ್ತದೆ ಎಂದು ನೋಡಿದರೆ ಸಾಕು, ಮನೆಯ ಹೆಂಗಸಿಗೆ ಏನಾಗುತ್ತದೆ ಎಂದು ನೋಡುವುದು ಬೇಡ!

ಹಾಗಾಗಿ ಅಧ್ಯಯನ ಮಾಡುವವರು ಬರಲಿ ಎಂದು ಕಾಯಬೇಡಿ. ಪರಿಹಾರದ ಹಣದಲ್ಲಿ ಹೆಂಡತಿಯ ಪಾಲು ಅವಳದೇ ಪ್ರತ್ಯೇಕ ಖಾತೆಗೆ ಬೀಳಬೇಕು ಎಂದು ಕೇಳಿ. ಜಂಟಿ ಖಾತೆ ಸಾಕು ಎಂದು ಸಮಾಧಾನ ಮಾಡುವವರಿಗೆ ಹೇಳಿ: ಜಂಟಿ ಖಾತೆಯ ಚೆಕ್ಕಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಗಂಡನಿಗೆ ಎಷ್ಟು ಹೊತ್ತಿನ ಕೆಲಸ? ಪ್ರತ್ಯೇಕ ಖಾತೆಯಿಂದ ಜಗಳ ಹೆಚ್ಚುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಹೆಚ್ಚಬಹುದು. ಅದಕ್ಕೇ ಇದು ಒಬ್ಬಳ ಬೇಡಿಕೆಯಾಗಬಾರದು, ಇಡೀ ಊರಿನ ಎಲ್ಲ ಮನೆಗೂ ಒಂದೇ ನಿಯಮವಾಗಬೇಕು. 'ನಾನು ಕೇಳಲಿಲ್ಲ, ಸರ್ಕಾರವೇ ಹೀಗೆ ಮಾಡಿದೆ' ಎಂದು ಅವಳು ಹೇಳುವಂತಿರಬೇಕು. ದೊಡ್ಡ ಮೊತ್ತದ ಒಂದು ಭಾಗ ಕಂತಿನಲ್ಲಿ, ಠೇವಣಿಯಲ್ಲಿ ಬರಲಿ. ಪುನರ್ವಸತಿ ಕೇಂದ್ರದಲ್ಲಿ ಮೊದಲು ತೆರೆಯುವ ಅಂಗಡಿ ಹೆಂಡದ್ದಾಗದಂತೆ ನೋಡಿಕೊಳ್ಳುವುದೂ ಯೋಜನೆಯ ಕೆಲಸವೇ ಆಗಲಿ. ಹಿನ್ನೀರಿನ ಕಾಮಗಾರಿಗೆ ಬರುವ ಗುತ್ತಿಗೆದಾರನಿಗೆ ಬಿಗೋಡಿಯ ಪಾಠದ ಷರತ್ತುಗಳನ್ನು ಹಾಕಲಿ. ದೂರು ಪೆಟ್ಟಿಗೆಯನ್ನು ಅವನ ಶಿಬಿರದಲ್ಲಿ ಇಡದೆ ಅಂಗನವಾಡಿಯಲ್ಲಿ ಇಡಲಿ.

ಹಣ ಬಂದ ಮೇಲೆ ಕೈಮೀರುವ ಲಕ್ಷಣ ಕಂಡರೆ ಒಂದು ದಾರಿ ಈಗಾಗಲೇ ಇದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಆರ್ಥಿಕ ಹಿಂಸೆಯೂ ಹಿಂಸೆಯೇ. ಗಂಡ ಆಸ್ತಿ ಪರಭಾರೆ ಮಾಡದಂತೆ, ಬ್ಯಾಂಕ್ ಖಾತೆಯಿಂದ ಹಣ ತೆಗೆಯದಂತೆ ಮ್ಯಾಜಿಸ್ಟ್ರೇಟರು ತಡೆ ಆದೇಶ ಕೊಡಬಹುದು. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ನಿಮ್ಮ ಅಂಗನವಾಡಿ ಕಾರ್ಯಕರ್ತೆಗೆ ಆ ಕಚೇರಿಯ ದಾರಿ ಗೊತ್ತಿರುತ್ತದೆ. ಹೊಡೆತ ಬಿದ್ದ ಮೇಲೆ ಹೋಗುವುದಕ್ಕಿಂತ ಚೆಕ್ಕು ನಗದಾಗುವ ಮೊದಲೇ ಹೋಗಿ.

ಮುಂದಿನ ವಾರದ ಸಭೆಯಲ್ಲಿ ಕಂತು ಎಣಿಸುವ ಮೊದಲು ಒಂದು ಅರ್ಜಿ ಬರೆಯಿರಿ. ಊರಿನ ಯಾವ ಯಾವ ಮನೆಯಲ್ಲಿ ವಿಧವೆಯರಿದ್ದಾರೆ, ಗಂಡ ಬಿಟ್ಟವರಿದ್ದಾರೆ, ವಯಸ್ಸಿಗೆ ಬಂದ ಹೆಣ್ಣುಮಕ್ಕಳಿದ್ದಾರೆ, ಯಾರ ಹೆಸರು ಪಹಣಿಯಲ್ಲಿಲ್ಲ ಎಂದು ಅದರಲ್ಲಿ ಪಟ್ಟಿ ಮಾಡಿ. ಎಲ್ಲ ಸದಸ್ಯರ ಸಹಿ, ಹೆಬ್ಬೆಟ್ಟು ಹಾಕಿ ಒಂದು ಪ್ರತಿಯನ್ನು ಗ್ರಾಮಸಭೆಗೆ, ಒಂದನ್ನು ನವನಗರದ ಪುನರ್ವಸತಿ ಆಯುಕ್ತರ ಕಚೇರಿಗೆ ಕೊಡಿ. ಕೊಡುವಾಗ ಇಬ್ಬರಿಗಿಂತ ಕಡಿಮೆ ಹೋಗಬೇಡಿ. ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಸ್ವೀಕೃತಿಯ ಮುದ್ರೆ ಬೀಳುವವರೆಗೆ ಅಲ್ಲಿಂದ ಏಳಬೇಡಿ.